ಅತ್ತೆ ಕೂತ ಮುಂದಿನ ಸಾಲು

ನಮ್ಮ ಅತ್ತೆಯ ಕಿವಿಯ ತೂತುಗಳಲ್ಲಿ ಕಿರುಬೆರಳು ತೂರುತ್ತಿತ್ತು. ಗಂಡ ಸತ್ತ ದಿನ ಓಲೆ ಬಿಚ್ಚಿಸಿದ್ದರಂತೆ. ಆಮೇಲೆ ಅವು ಖಾಲಿಯೇ. ಮಕ್ಕಳೇ, ನಿಮ್ಮ ಮುತ್ತಜ್ಜಿಯ ಆ ಕಿವಿಗಳಿಗೆ ಬೆಸಗರಹಳ್ಳಿ ಸುತ್ತಿನ ಬಯಲಾಟಗಳೆಲ್ಲ ಬಾಯಿಪಾಠ. ಕಣ್ಣಿಗೆ ಆ ಭಾಗ್ಯ ಇರಲಿಲ್ಲ.

ನಮ್ಮೂರ ಕಣದಲ್ಲಿ ಆಟವಾದರೆ, ತೆರೆ ಸರಿದು ಮೊದಲ ವೇಷ ಬರುವಾಗ ವಿಧವೆಯ ಮುಖ ಎದುರಾಗಬಾರದು ಎಂಬುದು ಕಟ್ಟಳೆ. ಆಟ ಆಡಿಸುತ್ತಿದ್ದವರು ಅತ್ತೆಯ ಮೈದುನ, ನನಗೆ ಚಿಕ್ಕಮಾವ. “ಅತ್ಗೆಮ್ಮ, ಇತ್ಲಲ್ಲೇ ಇರು. ಮುಂಡೆಗ್ಯಾಕೆ ಮುಂದಿನ್ ಜಾಗ?” ಎಂದು ಅವರು ಹೇಳಿದರೆ ಜನ ನಗುತ್ತಿದ್ದರು. ಅತ್ತೆ ಹಿತ್ತಿಲ ಗೋಡೆಗೆ ಕಿವಿಯಾನಿಸಿ ನಿಲ್ಲುತ್ತಿದ್ದರು.

“ದುರ್ಯೋಧನ ಬರೋದ ನೋಡೇ ಇಲ್ಲ ಕಣಮ್ಮಿ. ಬರೀ ಗೆಜ್ಜೆ ಸದ್ದು. ಸಾಯೋದ್ರೊಳ್ಗೆ ಒಂದ್ಸಲನಾರ ಎದುರ್ಗೆ ಕುತ್ಕಂಡು ನೋಡ್ಬೇಕು” ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ನಿಮ್ಮ ತಾತ ಮೋಟಾರು ರಿಪೇರಿ ಕಲಿತು ಕಡಲಾಚೆಯ ಪೆನಾಂಗಿನಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಮೇಲೆ ನನ್ನನ್ನು ಕರೆಸಿಕೊಂಡರು. ಯಾರ ಹತ್ತಿರವೂ ಬಾಯಿ ಬಿಡದ ನಾನು ಹಡಗಿನಲ್ಲಿ ಒಬ್ಬಳೇ ಹೋಗುವುದುಂಟೇ? ಅತ್ತೆಯೂ ಹೊರಟರು.

ಅಲ್ಲಿ ಒಂದು ಸಂಜೆ ನಿಮ್ಮ ತಾತನ ಜೊತೆ ಹೋಗುವಾಗ ಚೀನೀಯರ ಗುಡಿಯ ಮುಂದೆ ಬಿದಿರಿನ ರಂಗ ಕಟ್ಟಿ ಜಾಗಟೆ ಬಾರಿಸುತ್ತಿದ್ದರು. ಮುಖಕ್ಕೆ ಬಿಳಿ, ಕೆಂಪು ಬಳಿದುಕೊಂಡವರು ಪಕ್ಕದಲ್ಲಿ ಓಡಾಡುತ್ತಿದ್ದರು. “ಲೇ ಅಮ್ಮಿ, ಇವ್ರೂ ಬಣ್ಣ ಹಚ್ಕತರೆ ಕಣೇ!” ಎಂದರು ಅತ್ತೆ. ಜನ ಹಿಂದೆ ಕಿಕ್ಕಿರಿದಿದ್ದರು. ಮುಂದಿನ ಸಾಲಿನ ಕುರ್ಚಿಗಳೆಲ್ಲ ಖಾಲಿ. ಅತ್ತೆ ನೆಟ್ಟಗೆ ಹೋಗಿ ನಟ್ಟನಡುವೆ ಕೂತರು. “ಬಾರಮ್ಮಿ, ಯಾರೂ ಇಲ್ಲ.” ನಾನು ನಾಚಿ ನಿಂತಲ್ಲೇ ನಿಂತೆ.

ತೆರೆ ಸರಿಯಿತು. ತಲೆಗೆ ಉದ್ದನೆಯ ಗರಿ ಸಿಕ್ಕಿಸಿದ ರಾಜವೇಷ ಅತ್ತೆಯ ಎದುರಿಗೇ ಬಂದು ನಿಂತಿತು. ಅತ್ತೆ ಮಗುವಿನ ಹಾಗೆ ಚಪ್ಪಾಳೆ ಹೊಡೆದರು.

ಅಷ್ಟರಲ್ಲಿ ಚೀನೀ ಮುದುಕನೊಬ್ಬ ಕೈ ಬೀಸುತ್ತಾ ಓಡಿಬಂದ. ಅವನ ಮಾತು ಕೇಳಿ ನಿಮ್ಮ ತಾತನ ಮುಖ ಕಪ್ಪಿಟ್ಟಿತು. “ಅವ್ವಾ, ಏಳು ಏಳು! ಇದು ಸತ್ತೋರ್ ಜಾಗವಂತೆ. ಈ ತಿಂಗ್ಳು ಸತ್ತೋರು ಬತ್ತರಂತೆ, ಆಟ ನೋಡಕ್ಕೆ.”

“ಓ, ಇವ್ರೂ ಪಕ್ಷ ಮಾಡ್ತರಾ?” ಅತ್ತೆ ಕುರ್ಚಿಯ ಕೈಯನ್ನು ಒಂದು ಸಲ ಸವರಿದರು. “ಸತ್ತೋರ್ಗೆ ಮುಂದಿನ್ ಸಾಲು. ಬುಡು, ಅಂಗಾರೆ ನಾನೇನು ತಪ್ ಜಾಗಕ್ ಬಂದಿಲ್ಲ.” ಎದ್ದು ಬಂದು ಹಿಂದೆ ನಿಂತರು. ಆಟ ಮುಗಿಯುವವರೆಗೂ ನಮ್ಮ ಮುಖ ನೋಡಲಿಲ್ಲ.

ನಾನು ಬಸುರಿಯಾದಾಗ ಬಾಣಂತನಕ್ಕೆಂದು ನಾನೂ ಅತ್ತೆಯೂ ಊರಿಗೆ ಮರಳಿದೆವು, ನಿಮ್ಮ ತಾತ ಅಲ್ಲೇ ಉಳಿದರು. ನಿಮ್ಮಪ್ಪ ಹುಟ್ಟಿದ. ಸತ್ತವರ ಕುರ್ಚಿಯಲ್ಲಿ ಎದುರಿಗೆ ಕೂತು ವೇಷ ನೋಡಿದ್ದನ್ನು ಅತ್ತೆ ಊರಿಗೆಲ್ಲ ನಗುನಗುತ್ತಾ ಹೇಳಿಕೊಂಡು ತಿರುಗಿದರು. ಆಮೇಲೆ ಜಪಾನಿನವರು ಪೆನಾಂಗಿಗೆ ನುಗ್ಗಿದರು. ನಿಮ್ಮ ತಾತನ ಸುದ್ದಿಯೇ ನಿಂತಿತು. ಯುದ್ಧ ಮುಗಿದ ಮೇಲೆ, ಅವರ ಜೊತೆ ಕೆಲಸ ಮಾಡಿದ್ದ ಮದ್ದೂರಿನ ಸಾಬರೊಬ್ಬರು ಬಂದು ಜಗಲಿಯ ಮೇಲೆ ಕೂತು ಅತ್ತರು. ಅವತ್ತೇ ಊರವರು ನನ್ನ ಓಲೆಯನ್ನೂ ಬಿಚ್ಚಿಸಿದರು.

“ಸತ್ತೋರ್ ಕುರ್ಚಿ ಮ್ಯಾಲೆ ಕುತ್ಕಂಡು ಮಗನ್ನೇ ನುಂಗ್ಕಂಡ್ಳು” ಎಂದು ಚಿಕ್ಕಮಾವ ಊರ ಮುಂದೆ ಅಂದರು. ಅವತ್ತು ರಾಗಿ ಬೀಸುವಾಗ ಅತ್ತೆ ನನ್ನನ್ನು ಕೇಳಿದರು: “ನೀನೂ ಅಂಗೇ ಅಂದ್ಕಂಡಿದ್ದೀಯೇನಮ್ಮಿ?”

“ಇಲ್ಲ ಅತ್ತೆಮ್ಮ.”

ನಂಬಿದರೋ ಇಲ್ಲವೋ. ಅಲ್ಲಿಂದಾಚೆಗೆ ಕಣದಲ್ಲಿ ಮದ್ದಳೆ ಕೇಳಿದರೆ ಕಿವಿಗೆ ಸೆರಗು ಸುತ್ತಿಕೊಳ್ಳುತ್ತಿದ್ದರು.

ಸ್ವರಾಜ್ಯ ಬಂದ ವರ್ಷ, ಬೇಸಿಗೆಯಲ್ಲಿ ತೀರಿಕೊಂಡರು. ಮೊದಲ ಪಕ್ಷದ ಹಬ್ಬದಲ್ಲಿ ಚಿಕ್ಕಮಾವನೇ ಕಳಶದ ಎದುರಿಗೆ ಅವರ ಹೆಸರಿನ ಎಡೆ ಇಟ್ಟು, ಹೊಸ ಸೀರೆ ಮಡಿಸಿಟ್ಟು, “ಅತ್ಗೆಮ್ಮ, ಕಾಪಾಡವ್ವ” ಎಂದು ಉದ್ದಕ್ಕೆ ಅಡ್ಡಬಿದ್ದರು. ಅತ್ತೆಗೆ ಇಷ್ಟವಾದ ಒಬ್ಬಟ್ಟನ್ನು ಎಡೆಗಿಡಲು ನಾನು ಒಂದು ಹೆಜ್ಜೆ ಮುಂದೆ ಹೋದೆ.

“ನೀನ್ಯಾಕಮ್ಮ ಮುಂದುಕ್ಕೆ? ಇಂದುಕ್ ಸರ್ಕೊ” ಎಂದರು ಚಿಕ್ಕಮಾವ.

ಸರಿದು ನಿಂತೆ. ಅತ್ತೆ ಮುಂದಿನ ಸಾಲಿನಲ್ಲಿದ್ದರು. ಈ ಸಲ ಅವರನ್ನು ಯಾರೂ ಏಳು ಎನ್ನಲಿಲ್ಲ.