ಪುಸ್ತಕದಲ್ಲಿ ಸಾಲೇ ಇಲ್ಲದ ಗುಂಡು

ನಡೆದದ್ದು ಇಷ್ಟೇ. ಸೀಸದ ಗುಂಡಿಗೆ ನಾನು ಜಸ್ತ ಬೆರೆಸಿದೆ, ಬೆರೆಸಿದ್ದನ್ನು ಯಾರಿಗೂ ಹೇಳಲಿಲ್ಲ. ಪುಸ್ತಕ ತಪ್ಪು, ತಕ್ಕಡಿ ತಪ್ಪು, ಸಾಹೇಬರಿಗೆ ವಯಸ್ಸಾಯಿತು ಎಂಬುದೆಲ್ಲ ಆಮೇಲೆ ಮಂದಿ ಆಡಿದ ಮಾತು.

ಜಸ್ತ ಅಂದರೆ ಸತು. ಬೀದರಿನ ಬಿದ್ರಿ ಸಾಮಾನು ಆಗುವುದೇ ಅದರಿಂದ. ನನ್ನ ಗಂಡ ಎರಕ ಹೊಯ್ಯುತ್ತಿದ್ದರು, ನಾನು ತಿದಿ ಒತ್ತುತ್ತಿದ್ದೆ. ಅವರು ಹೋದ ಮೇಲೆ ಹೊಯ್ಯುವುದನ್ನೂ ನಾನೇ ಮಾಡಿದೆ. ನಾನು ಸಾಲಿ ಕಲಿತದ್ದು ಎರಡನೇ ಇಯತ್ತೆ. ಅಂಕಿ ಓದಲು ಬರುತ್ತದೆ, ಅಷ್ಟು ಸಾಕಾಗಿತ್ತು.

ಭಾಲ್ಕಿಯಲ್ಲಿರುವ ಮಗಳ ಮಗಳು ಕಾಲೇಜಿಗೆಂದು ನನ್ನ ಮನೆಗೆ ಬಂದಳು. ಬಂದವಳು ಪಿಸ್ತೂಲು ಹಿಡಿದಳು. ಬೀದರಿನ ಪಕ್ಕದ ನೌಬಾದದಲ್ಲಿ ಫೌಜಿನಿಂದ ನಿವೃತ್ತರಾದ ಸಾಹೇಬರೊಬ್ಬರು ನಾಲ್ಕಾರು ಹುಡುಗರಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾರೆ. ಅಭ್ಯಾಸಕ್ಕೆ ಬೇಕಾದ ಕಾಡತೂಸನ್ನು ಮನೆಯಲ್ಲೇ ತುಂಬಿಕೊಳ್ಳಲು ಅವರ ಹತ್ತಿರ ಸರ್ಕಾರದ ಪರವಾನಗಿ ಇದೆ. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಯನ್ನು ತೊಳೆದು, ಮದ್ದು ಹಾಕಿ, ಮೇಲೆ ಸೀಸದ ಗುಂಡು ಕೂರಿಸುವುದು. ಸಾಹೇಬರ ಕೈ ನಡುಗಲು ಹತ್ತಿದ ಮೇಲೆ ಗುಂಡಿನ ಎರಕ ಯಾರು ಹೊಯ್ಯಬೇಕು ಎಂಬ ಮಾತು ಬಂತು. ಹುಡುಗಿ ನನ್ನನ್ನು ಮುಂದೆ ನೂಕಿದಳು.

“ನಮ್ಮ ಆಯಿ ಹೊಯ್ತಾಳ್ರಿ ಸರ್. ಹಗಲೆಲ್ಲಾ ಸುಮ್ಮ ಕುಂತಿರ್ತಾಳ.”

“ಸುಮ್ಮ ಕುಂತಿರ್ತೇನೇನು? ನಿನ್ನ ಬುತ್ತಿ ಯಾರು ಕಟ್ತಾರ?” ಎಂದೆ. ಆದರೂ ಹೋದೆ.

ಎರಕದಲ್ಲಿ ನನಗೆ ಗೊಂದಲವಿರಲಿಲ್ಲ, ಪುಸ್ತಕದಲ್ಲಿ ಇತ್ತು. ಎಷ್ಟು ತೂಕದ ಗುಂಡಿಗೆ ಎಷ್ಟು ಮದ್ದು ಎಂದು ಸಾಲು ಸಾಲಾಗಿ ಬರೆದ ಪುಸ್ತಕ ಅದು. ಪ್ರತಿ ಸಾಲಿಗೂ ಎರಡು ಅಂಕಿ. ಇಲ್ಲಿಂದ ಶುರು ಮಾಡು ಎಂಬುದೊಂದು, ಇದನ್ನು ದಾಟಬೇಡ ಎಂಬುದೊಂದು. ನಾನು ಬೆರಳಿಟ್ಟು ನೋಡುತ್ತಾ ಹೋದೆ. ಗುಂಡು ಹಗುರಾದಂತೆ ಮದ್ದು ಹೆಚ್ಚಾಗುತ್ತಿತ್ತು.

“ಇದು ಉಲ್ಟಾ ಛಾಪಿಸ್ಯಾರ ನೋಡ್ರಿ ಸಾಹೇಬ್ರ. ಭಾರದ್ದಕ್ಕ ಅಲ್ಲೇನು ಹೆಚ್ಚು ಬೇಕಾದದ್ದು?”

“ಇಲ್ರಿ ಅಮ್ಮಾ. ಭಾರದ ಗುಂಡು ಜಲ್ದಿ ಮುಂದಕ್ಕ ಸರಿಯಂಗಿಲ್ಲ. ಬಾಗಿಲಾಗ ದಪ್ಪ ಮನಿಷಾ ನಿಂತಂಗ. ಹಿಂದಿನವರು ನೂಕಿದ್ರ ಒಳಗ ಇದ್ದವರೇ ಚಪ್ಪಟಿ ಆಗ್ತಾರ. ಅದಕ್ಕ ಅದರ ಹಿಂದ ಮದ್ದು ಕಮ್ಮಿ.”

ಹೌದೆನ್ನಿಸಿತು, ಮನೆಗೆ ಬರುವಷ್ಟರಲ್ಲಿ ಮತ್ತೆ ಅಲ್ಲ ಅನ್ನಿಸಿತು. ಮರುದಿನ ಅವರು ಇನ್ನೊಂದು ಪುಸ್ತಕ ತೆಗೆದರು. ಅದೇ ಗುಂಡು, ಅದೇ ಮದ್ದು, ಅಂಕಿ ಬೇರೆ.

“ಇದರಾಗ ಖರೇ ಯಾವುದು?”

“ಎರಡೂ ಖರೇ. ಅವರವರ ಬಂದೂಕಿನಾಗ ಅವರವರು ಹೊಡೆದು ನೋಡಿ ಬರೆದಾರ. ನಾವು ಎರಡರಾಗ ಕಮ್ಮಿ ಇದ್ದದ್ದು ಹಿಡೀಬೇಕು.”

“ಎರಡೂ ಖರೇ ಅಂದ್ರ ಹ್ಯಾಂಗ?” ಎಂದು ಕೇಳಿದೆ. ಸಾಹೇಬರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ಮಾತಿನವರನ್ನು ನಂಬಿ ಈ ಹುಡುಗಿಯ ಕೈಗೆ ಬೆಂಕಿ ಕೊಡಬೇಕಲ್ಲ ಎನ್ನಿಸುತ್ತಿತ್ತು.

ಎರಕವೂ ಮನಸ್ಸಿಗೆ ಬರಲಿಲ್ಲ. ಸೀಸದ ಗುಂಡು ಮಂಕಾಗಿತ್ತು, ಉಗುರು ಒತ್ತಿದರೆ ಗೀರು ಬೀಳುತ್ತಿತ್ತು. ನಮ್ಮ ಕಸುಬಿನಲ್ಲಿ ಇಂಥ ಮೆತ್ತನೆಯ ಮಾಲು ಹೊಯ್ದವರನ್ನು ಅಂಗಳದಿಂದ ಎಬ್ಬಿಸಿ ಕಳಿಸುತ್ತಿದ್ದರು. ಮೊಮ್ಮಗಳು ರಾಜ್ಯದ ತಂಡದ ಆಯ್ಕೆಗೆ ಹೋಗುವವಳು. ಆಯಿ ಹೊಯ್ದದ್ದು ಬೆಣ್ಣೆಯಂತಿತ್ತು ಅನ್ನಿಸಿಕೊಳ್ಳಬೇಕೇ? ಸಾಹೇಬರು ನಮಾಜಿಗೆ ಹೋದಾಗ, ಮನೆಯಿಂದ ತಂದಿದ್ದ ಜಸ್ತದ ತುಂಡೊಂದನ್ನು ಮೂಸೆಗೆ ಹಾಕಿ ಇಜ್ಜಲು ಉರಿಸಿದೆ. ಗುಂಡು ಗಟ್ಟಿಯಾಯಿತು, ಹೊಳೆಯಿತು. ನನಗೆ ಸಮಾಧಾನವಾಯಿತು.

ತೂಗುವಾಗ ತಲೆನೋವು ಶುರುವಾಯಿತು. ಒಂದೇ ಅಚ್ಚಿನ ಗುಂಡು, ಒಂದು ಭಾರ, ಒಂದು ಹಗುರ. ಸಾಹೇಬರು ತಕ್ಕಡಿಯ ಸೆಲ್ ಬದಲಿಸಿದರು, ಅಚ್ಚು ಒರೆಸಿದರು, ಕನ್ನಡಕ ಒರೆಸಿದರು. ಹುಡುಗಿ ಹಗುರಾದ ಗುಂಡಿನ ಸಾಲಿಗೆ ಬೆರಳಿಟ್ಟಳು. “ಇದೇ ನೋಡ್ರಿ ಸರ್, ಮದ್ದು ಸ್ವಲ್ಪ ಹೆಚ್ಚು ಹಾಕ್ಬಹುದು.” ಸಾಹೇಬರು ಒಪ್ಪಲಿಲ್ಲ. “ತಿಳೀಲಿಲ್ಲ ಅಂದ್ರ ಕೆಳಗಿನ ಅಂಕಿ, ಕಮ್ಮಿ ಮದ್ದು,” ಎಂದು ಐದೇ ಐದು ಕಾಡತೂಸು ತುಂಬಿದರು. ನಾನು ಅಲ್ಲೇ ಕುಳಿತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಜಸ್ತಕ್ಕೂ ಪುಸ್ತಕಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಗುರಿ ಹೊಡೆಯುವ ಜಾಗ ಔರಾದ ರಸ್ತೆಯಲ್ಲಿದೆ. ಎದುರಿಗೆ ಮಣ್ಣಿನ ದಿಬ್ಬ. ನಾನೂ ಜೊತೆಗೆ ಹೋಗಿ ಹಿಂದೆ ಕಲ್ಲಿನ ಮೇಲೆ ಕುಳಿತೆ. ಮೊದಲನೆಯದು ಢಮ್ ಎಂದಿತು. ಎರಡನೆಯದು ಬಾಟಲಿಯ ಬೂಚು ಕಿತ್ತಷ್ಟೇ ಸದ್ದು ಮಾಡಿತು. ಹುಡುಗಿ ಮೂರನೆಯದನ್ನು ಹೊಡೆಯಲು ಕೈ ಎತ್ತಿದ್ದಳು.

“ರುಕೋ! ಬೆರಳು ತೆಗಿ!” ಸಾಹೇಬರು ಕೂಗಿದ ಕೂಗಿಗೆ ಹಕ್ಕಿಗಳು ಎದ್ದವು.

ಗುಂಡು ನಳಿಗೆಯ ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ನಳಿಗೆ ಅವಳ ಮುಖದ ಮುಂದೆಯೇ ಸೀಳುತ್ತಿತ್ತು. ಇದನ್ನು ಸಾಹೇಬರು ಜೋರಾಗಿ ಹೇಳಲಿಲ್ಲ, ಮೆಲ್ಲಗೆ ಹೇಳಿದರು.

ಸಾಹೇಬರ ಮನೆಗೆ ಬಂದ ಮೇಲೆ ಅವರು ಪಿಸ್ತೂಲು ಬಿಚ್ಚಿ, ನಳಿಗೆಗೆ ಕಟ್ಟಿಗೆಯ ಕಡ್ಡಿ ಹಾಕಿ ಬಡಿದು ಗುಂಡನ್ನು ಹೊರಗೆ ತೆಗೆದರು. ಅದು ಬೀಳುವಾಗ ಎರಡಾಯಿತು. ಒಡೆದ ಬಾಯಿ ಹರಳುಹರಳಾಗಿ ಮಿನುಗಿತು. ಸೀಸ ಹಾಗೆ ಒಡೆಯುವುದಿಲ್ಲ, ಜಸ್ತ ಒಡೆಯುತ್ತದೆ. ಇಡೀ ಊರಿನಲ್ಲಿ ಅದನ್ನು ಗುರುತಿಸದ ಎರಕದವರಿಲ್ಲ.

ಅಷ್ಟರಲ್ಲಿ ಹುಡುಗಿ ಫೋನಿನಲ್ಲಿ ಅವರಪ್ಪನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಅತ್ತಲಿಂದ ಅಳಿಯನ ದನಿ ನನಗೂ ಕೇಳುತ್ತಿತ್ತು. “ಆ ಮುದುಕಗ ಪುಸ್ತಕ ಓದ್ಲಾಕ ಬರಲ್ಲ. ನಾಡಿದ್ದು ನಾನೇ ಬಂದು ಕರ್ಕೊಂಡು ಹೋಗ್ತೇನಿ. ಪಿಸ್ತೂಲು ಬಂದ್.” ಅವಳು ಮೂರು ವರ್ಷದಿಂದ ದಿನಾ ಮುಂಜಾನೆ ಕೈ ಚಾಚಿ ಇಟ್ಟಿಗೆ ಹಿಡಿದು ನಿಲ್ಲುತ್ತಿದ್ದವಳು. ಫೋನಿಟ್ಟು ಹೊರಗೆ ಹೋಗಿ ಸ್ಕೂಟಿಯ ಹತ್ತಿರ ನಿಂತಳು.

ನಾನು ಸಾಹೇಬರನ್ನು ಕೇಳಿದೆ. “ಸೀಸದಾಗ ಬ್ಯಾರೆ ಏನರ ಕೂಡಿದ್ರ ಯಾವ ಸಾಲು ನೋಡಬೇಕ್ರಿ?”

ಅವರು ತುಂಡನ್ನೂ ನನ್ನ ಮುಖವನ್ನೂ ನೋಡಿದರು. “ಏನು ಹಾಕೀರಿ?”

“ಜಸ್ತ.”

ಅವರು ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟರು. “ಇದಕ್ಕ ಸಾಲೇ ಇಲ್ಲರಿ ಅಮ್ಮಾ. ಸೀಸ ಅಂತ ಬರೆದಲ್ಲಿ ಸೀಸಾನೇ ಇರಬೇಕು. ಜಸ್ತ ಹಗುರ, ಅದಕ್ಕ ಒಂದೊಂದು ಗುಂಡಿನ ತೂಕ ಒಂದೊಂದು ಆತು. ಮತ್ತ ಗಟ್ಟಿ, ನಳಿಗ್ಯಾಗ ಬಗ್ಗಂಗಿಲ್ಲ, ಸಿಕ್ಕೊಂತದ. ತೂಕ ನೋಡಿ ಹುಡುಗಿ ಹಗುರಿನ ಸಾಲು ಅಂದ್ಲು, ನಾ ಕೆಳಗಿನ ಅಂಕಿ ಅಂದೆ. ಇಬ್ಬರೂ ಇಲ್ಲದ ಗುಂಡಿಗೆ ಲೆಕ್ಕ ಹಾಕಿದ್ವಿ.”

“ಮೊದಲೇ ಹೇಳಬೇಕಿತ್ತಲ್ಲರಿ, ಬ್ಯಾರೆ ಏನೂ ಹಾಕಬ್ಯಾಡ ಅಂತ?”

“ಸೀಸದ ಗುಂಡು ಹೊಯ್ರಿ ಅಂದಿದ್ದೆ. ಇನ್ನೇನು ಹೇಳಬೇಕಿತ್ತು?”

ನಾನು ಎದ್ದು ನಿಂತಾಗ ಅವರು, “ಇರ್ಲಿ ಬಿಡ್ರಿ, ತಪ್ಪು ನನ್ನ ಮ್ಯಾಲೇ ಇರ್ಲಿ. ನಿಮಗ್ಯಾಕ ಬೀಗರ ಮನಿ ಮಾತು?” ಎಂದರು. ಒಳ್ಳೆಯವರು. ಆದರೆ ತಪ್ಪು ಅವರದೆಂದು ಉಳಿದರೆ ಅಳಿಯ ಹುಡುಗಿಯನ್ನು ಮತ್ತೆ ಅವರ ಅಂಗಳಕ್ಕೆ ಕಳಿಸುವುದಿಲ್ಲ. ಇಷ್ಟು ಮಾತ್ರ ನನಗೆ ಗೊಂದಲವಿಲ್ಲದೆ ತಿಳಿದಿತ್ತು. ದಾರಿಯಲ್ಲೇ ಹುಡುಗಿಗೆ ಹೇಳಿದೆ.

ಮರುದಿನ ಮುಂಜಾನೆ ಮೊದಲನೇ ಬಸ್ಸಿಗೆ ಭಾಲ್ಕಿಗೆ ಹೋದೆ. ಅಳಿಯನದು ಹಿಟ್ಟಿನ ಗಿರಣಿ. ಇಪ್ಪತ್ತು ವರ್ಷದಲ್ಲಿ ನಾನು ಅವನ ಜೊತೆ ಎದುರಾಬದುರಾ ನಿಂತು ಮಾತಾಡಿದವಳಲ್ಲ. ಏನಿದ್ದರೂ ಮಗಳ ಬಾಯಿಂದ ಹೇಳಿಸುವುದು ನಮ್ಮ ರಿವಾಜು. ಅವತ್ತು ಮಗಳ ಮನೆಗೆ ಹೋಗಲಿಲ್ಲ, ನೇರ ಗಿರಣಿಗೆ ಹೋದೆ. ಜೋಳದ ಚೀಲ ಹಿಡಿದ ಹೆಂಗಸರ ನಡುವೆ ನಿಂತು, ಸೆರಗು ಸರಿ ಮಾಡಿಕೊಂಡು, ಯಂತ್ರದ ಸದ್ದಿಗಿಂತ ಜೋರಾಗಿ ಕೂಗಿದೆ. “ಸಾಹೇಬ್ರದು ತಪ್ಪಿಲ್ಲರಿ! ಗುಂಡು ಕೆಡಿಸಿದಾಕಿ ನಾನು!”

ಅವನಿಗೆ ಕೇಳಿಸಲಿಲ್ಲ. ಗಿರಣಿ ತಿರುಗಿಸುವ ಪಟ್ಟಾ ನಿಲ್ಲಿಸಿದ. ನಾನು ಮತ್ತೊಮ್ಮೆ, ಎಲ್ಲರಿಗೂ ಕೇಳುವಂತೆ, ಮೊದಲಿನಿಂದ ಹೇಳಿದೆ.