ಎಂಜಿನ್ ಆರಿಸದ ಮಾಮ

ಶಾಲೆಯ ವ್ಯಾನ್ ಓಡಿಸುವ ಮಾಮನಿಗೆ ತನ್ನ ಹಳೇ ಡೀಸೆಲ್ ಗಾಡಿಯ ಮೇಲೆ ಎಲ್ಲಿಲ್ಲದ ಅಕ್ಕರೆ. ಸಿಗ್ನಲ್ಲಿರಲಿ, ಶಾಲೆಯ ಗೇಟಿರಲಿ, ಎಂಜಿನ್ ಆರಿಸುವವನಲ್ಲ. "ಆರಿಸಿದ್ರೆ ಮುನಿಸ್ಕೊಳ್ತಾಳೆ, ಆಮೇಲೆ ಕಾಲಿಗೆ ಬಿದ್ರೂ ಏಳಲ್ಲ" ಅನ್ನುತ್ತಾನೆ. ಹಿಂದಿನ ಬೈಕಿನವರು ಕೆಮ್ಮುತ್ತ ಬೈದರೆ, "ಹೊಗೆ ಬೇಡ ಅಂದ್ರೆ ಮುಂದೆ ಹೋಗ್ರಪ್ಪ" ಎಂಬ ಧಾರಾಳ ಸಲಹೆ ಬೇರೆ. ಇಂಥ ಭೂಪ, ನೀಲಿ ಗೇಟಿನ ಮನೆ ಹತ್ತಿರವಾದರೆ ಮಾತ್ರ ಮೂರು ಮನೆ ಹಿಂದೆಯೇ ಎಂಜಿನ್ ಆರಿಸಿ, ಕೆಳಗಿಳಿದು, ಗಾಡಿಗೆ ಹೆಗಲು ಕೊಟ್ಟು ತಳ್ಳಿಕೊಂಡೇ ಹೋಗುತ್ತಾನೆ. ಅಲ್ಲಿ ಕಾಯುವ ಪುಟ್ಟಿಗೆ ಆಸ್ತಮಾ. ಒಮ್ಮೆ ಈ ಗಾಡಿಯ ಹೊಗೆಗೇ ಅವಳ ಉಸಿರು ಕಟ್ಟಿತ್ತು. ಬೆವರು ಸುರಿಸುತ್ತ ಏದುಸಿರು ಬಿಡುವ ಮಾಮನನ್ನು ಕಂಡು ಅವಳು ದಿನವೂ ಬ್ಯಾಗಿನಿಂದ ತನ್ನ ಇನ್ಹೇಲರ್ ತೆಗೆದು ಚಾಚುತ್ತಾಳೆ: "ತಗೊಳ್ಳಿ ಮಾಮ, ಮೊದ್ಲು ನೀವು."