ಕಾರಿನ ತುಂಬ ಸೌದೆ

ನಮ್ಮ ಮನೆಯಲ್ಲಿ ಒಂದು ಕಾರಿದೆ. ಅದು ಓಡುತ್ತದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ನನ್ನ ಗಂಡ ಯಾರೋ ಪರಿಚಯದವರಿಂದ ಹಳೆಯದನ್ನು ತಂದು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದರು. ಮದುವೆ ಮುಂಜಿಗೆ ಹೊರಡುವ ದಿನ ಅದಕ್ಕೆ ಮೈಯಲ್ಲಿ ಹುಷಾರಿರುತ್ತಿರಲಿಲ್ಲ. ನಾವು ಬಸ್ಸಿಗೆ ಹೋಗಿ ಊಟ ಮಾಡಿ ಬಂದ ಮಾರನೆಯ ದಿನ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತಿತ್ತು. ಅವರಂತೂ ಅದರ ಮೈ ಒರೆಸಿ, ಬಾನೆಟ್ ಎತ್ತಿ ಇಣುಕಿ, ಮತ್ತೆ ಮುಚ್ಚುವುದನ್ನು ಪೂಜೆಯ ಹಾಗೆ ನಡೆಸಿಕೊಂಡು ಬಂದಿದ್ದರು. ಇದು ಉತ್ಸವಮೂರ್ತಿ ಅಲ್ಲ ಕಣ್ರೀ, ಮೂಲವಿಗ್ರಹ, ಜಾಗ ಬಿಟ್ಟು ಕದಲಲ್ಲ ಅಂತ ನಾನು ಅಣಕಿಸುತ್ತಿದ್ದೆ.

ಆ ಚಳಿಗಾಲದಲ್ಲಿ ಮಗಳ ಮೊದಲ ಬಾಣಂತನ ನಮ್ಮ ಮನೆಯಲ್ಲಿ. ಹೆಣ್ಣುಮಗು. ಚಳಿಗಾಲದ ಬಾಣಂತನ ಎಂದರೆ ನಮ್ಮ ಕಡೆ ಅರ್ಧ ಕೆಲಸ ಸೌದೆಯದೇ. ತಾಯಿಗೆ ಹಂಡೆಗಟ್ಟಲೆ ಸುಡುನೀರು ಹುಯ್ಯಬೇಕು, ಮಗುವಿಗೆ ಬೇರೆ ಕಾಯಿಸಬೇಕು. ಮಾಳಿಗೆಯ ಮೇಲೆ ಸೋಲಾರ್ ಕೂರಿಸಿದ್ದೆವು, ಆದರೆ ನನ್ನ ಅತ್ತೆ ಅದರ ನೀರನ್ನು ಮುಟ್ಟಗೊಡಲಿಲ್ಲ. "ಬಿಸಿಲಲ್ಲಿ ಕಾದ ನೀರು ಬಾಣಂತಿ ಮೈಗೆ ಹತ್ತಲ್ಲ ಕಣೇ, ಬೆಂಕೀಲೇ ಕಾಯಬೇಕು" ಅಂದರು. ತೆಂಗಿನ ತೋಟದವರಿಗೆ ಸೌದೆಗೇನು ಬರ? ಸೋಗೆ, ಮಟ್ಟೆ, ಚಿಪ್ಪು ಎಲ್ಲ ಹಿತ್ತಲಲ್ಲಿ ಬಣವೆಯಾಗಿ ಬಿದ್ದಿತ್ತು.

ಅಷ್ಟರಲ್ಲಿ ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದು ನಮ್ಮಲ್ಲಿ ಜಡಿ ಹಿಡಿಯಿತು. ಚಳಿಯೂ ಮಳೆಯೂ ಒಟ್ಟಿಗೆ. ಹಿತ್ತಲಿನ ರಾಶಿಯ ಮೇಲಿನದೆಲ್ಲ ನೆಂದು ತೊಪ್ಪೆಯಾಯಿತು, ಅಡಿಯದು ಮಾತ್ರ ಇನ್ನೂ ಒಣಗಿತ್ತು. ಅಟ್ಟದಲ್ಲಿಡೋಣವೆಂದರೆ ಅಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಸೂರಿನ ತನಕ ತುಂಬಿತ್ತು. ಶೆಡ್ಡು ಸೋರುತ್ತಿತ್ತು. ಇಡೀ ಮನೆಗೆ ನಾಲ್ಕು ಕಡೆಯಿಂದ ಭದ್ರವಾಗಿ ಮುಚ್ಚಿಕೊಳ್ಳುವ, ಹನಿ ನೀರು ಒಳಗೆ ಬಿಡದ ಜಾಗ ಎಂದರೆ ಕಾರು ಒಂದೇ. ನಾನು ಹಿಂದೆ ಮುಂದೆ ನೋಡಲಿಲ್ಲ. ಹಿಂದಿನ ಸೀಟಿಗೆ ಚಿಪ್ಪಿನ ಚೀಲ, ಡಿಕ್ಕಿಗೆ ಒಣಮಟ್ಟೆ, ಮುಂದಿನ ಸೀಟಿಗೆ ಸೋಗೆಯ ಕಂತೆ ತುಂಬಿ ಬಾಗಿಲು ಹಾಕಿದೆ.

"ಏನೇ ಇದು, ಕಾರೋ ಸೌದೆ ಡಿಪೋನೋ?" ಎಂದು ಗಂಡ ತಲೆ ಮೇಲೆ ಕೈ ಹೊತ್ತರು.

"ನಿಂತಿರೋ ಗಾಡೀಲಿ ಸೌದೆನಾದ್ರೂ ಕೂತ್ಕಳ್ಳಿ ಬುಡ್ರೀ" ಅಂದೆ.

ಸ್ನಾನ ಆದ ಮೇಲೆ ಬಾಣಂತಿಯನ್ನು ಬೆಚ್ಚಗೆ ಮಲಗಿಸಿ ಮಂಚದ ಕೆಳಗೆ ಕೆಂಡ ಇಡುವುದು ನಮ್ಮ ಮನೆಯ ರೂಢಿ. ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿಯಲ್ಲಿ ಚಿಪ್ಪು ಸುಟ್ಟು, ಹೊಗೆ ಪೂರಾ ಆರಿ ಕೆಂಪಗಾದ ಮೇಲೆ ಒಳಗೆ ತರಬೇಕು. ಹೊಗೆ ಇಲ್ಲದ ಮೇಲೆ ಭಯವಿಲ್ಲ ಎಂಬುದು ಅತ್ತೆಯ ಲೆಕ್ಕ. ನನ್ನ ಲೆಕ್ಕವೂ ಅದೇ. ನಾನೂ ಹಾಗೆಯೇ ಕೆಂಡದ ಮೇಲೆ ಮಲಗಿ ಎದ್ದವಳು. ಆದರೆ ನಾನು ಮಲಗಿದ್ದು ಹಂಚಿನ ಮನೆಯಲ್ಲಿ, ಹಂಚಿನ ಸಂದಿಯಲ್ಲಿ ಗಾಳಿ ಓಡಾಡುತ್ತಿತ್ತು. ಮಗಳು ಮಲಗಿದ್ದು ಹೊಸದಾಗಿ ಹಾಕಿಸಿದ ಮೋಲ್ಡಿನ ಕೋಣೆಯಲ್ಲಿ. ಗಾಜಿನ ಕಿಟಕಿ. ಅದರ ಸಂದಿಗೂ ಬಾಗಿಲಿನ ಅಡಿಗೂ ಅತ್ತೆ ಬಟ್ಟೆ ಗಿಡಿದಿದ್ದರು. ಈ ವ್ಯತ್ಯಾಸ ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಜಡಿ ಬಿಟ್ಟು ಬಿಸಿಲು ಬಿದ್ದ ದಿನ. ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಅತ್ತೆ ಮಗುವಿಗೆ ಎರೆದು, ಕೆಂಡ ಇಟ್ಟು, ಬಾಗಿಲು ಎಳೆದುಕೊಂಡು ಬಂದರು. ನಾನು ಮೆಣಸಿನ ಸಾರು ಅನ್ನ ಕಲಸಿಕೊಂಡು ಹೋಗಿ ಬಾಗಿಲು ದೂಡಿದೆ. ಮಗಳ ಹೆಸರು ಹಿಡಿದು ಕರೆದೆ. ಕಣ್ಣು ತೆರೆಯಲಿಲ್ಲ. ಮುಖ ಕೆಂಪಗಾಗಿತ್ತು. ಭುಜ ಅಲುಗಿಸಿದರೆ "ಅಮ್ಮಾ, ತಲೆ" ಎಂದು ತೊದಲಿ, ಹಾಸಿಗೆಯ ಮೇಲೆಯೇ ವಾಂತಿ ಮಾಡಿಕೊಂಡಳು. ಮಗುವನ್ನು ಎತ್ತಿದೆ. ಅದರ ಕತ್ತು ಕೈ ಎಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಎಬ್ಬಿಸಿದರೆ ಊರು ಒಂದಾಗುವಂತೆ ಅಳುವ ಮಗು, ತುಟಿ ಕೂಡ ಅಲ್ಲಾಡಿಸಲಿಲ್ಲ.

ಇಬ್ಬರನ್ನೂ ಅಂಗಳಕ್ಕೆ ತಂದೆವು. ಗಂಡ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ಅದು ಹಂದನಕೆರೆ ಕಡೆ ಹೋಗಿದೆ, ಬರುವುದು ತಡ ಎಂದರು. ಮಗುವಿನ ಮೂಗಿನ ಹತ್ತಿರ ಕೈ ಹಿಡಿದೆ. ತಗುಲಿದ್ದು ಉಸಿರೋ, ಅಂಗಳದ ಗಾಳಿಯೋ ತಿಳಿಯಲಿಲ್ಲ.

"ಕಾರು ತಗೀರಿ" ಅಂದೆ.

ಬಾಗಿಲು ತೆಗೆದರೆ ಒಳಗೆ ನನ್ನ ಸೌದೆ. ಕಾಯಿ ಸುಲಿಯಲು ಬಂದಿದ್ದ ಆಳುಗಳು ಗೂಟದ ಹತ್ತಿರ ಕಾಯಿ ಬಿಟ್ಟು ಓಡಿಬಂದು ಚೀಲ, ಕಂತೆ ಎಲ್ಲ ಎಳೆದು ಬಿಸಾಡಿದರು. ಒಂದು ಚೀಲ ಹರಿದು ಚಿಪ್ಪು ಕಾರಿನೊಳಗೇ ಚೆಲ್ಲಿತು. ಹಾಗೇ ಅದರ ಮೇಲೆ ಕೂತೆವು. ಗಂಡ ಕೀಲಿ ತಿರುಗಿಸಿದರು. ಕಟ್ ಕಟ್ ಎಂದು ಸುಮ್ಮನಾಯಿತು. ಇನ್ನೊಂದು ಸಲ ತಿರುಗಿಸಿದರೆ ಆ ಸದ್ದೂ ಇಲ್ಲ. ಆ ಕಾರಿನ ಮೇಲೆ, ಅದನ್ನು ತಂದ ಗಂಡನ ಮೇಲೆ, ಎಲ್ಲರ ಮೇಲೂ ನನಗೆ ಹುಟ್ಟಿದ ಸಿಟ್ಟನ್ನು ಈಗ ಬರೆಯುವುದಕ್ಕೂ ಆಗದು.

"ತಳ್ರಪ್ಪೋ" ಎಂದರು ಗಂಡ. ಆಳುಗಳು ಬೆನ್ನು ಕೊಟ್ಟು ತಳ್ಳಿದರು. ಓಣಿಯ ಇಳಿಜಾರಿನಲ್ಲಿ ಕಾರು ಕೆಮ್ಮಿ, ಗುಟುರು ಹಾಕಿ, ಅಂತೂ ಸ್ಟಾರ್ಟ್ ಆಯಿತು. ಹಿಂದಿನಿಂದ ಅತ್ತೆ, "ಕಿಟಕಿ ಏರಿಸ್ಕಳ್ರೇ, ಬಾಣಂತಿ ಕಿವಿಗೆ ಗಾಳಿ ಹೋದಾತು" ಎಂದು ಕೂಗುತ್ತಿದ್ದುದು ಕೇಳಿಸಿತು. ಮಗಳಿಗೆ ಮತ್ತೆ ವಾಂತಿ ಬಂದೀತೆಂದು ಹತ್ತಿದ ಕೂಡಲೇ ಇಳಿಸಿದ್ದೆ, ಈಗ ಏರಿಸಲು ನೋಡಿದೆ. ಮೂಲವಿಗ್ರಹದ ಗಾಜು ಕೆಳಗೇ ಕಚ್ಚಿಕೊಂಡಿತ್ತು.

ಕಿಬ್ಬನಹಳ್ಳಿ ಕಡೆಗೆ ಹೋಗುವ ಟಾರು ರಸ್ತೆ ಸಿಕ್ಕಿತು, ಇನ್ನು ತಿಪಟೂರು ಆಸ್ಪತ್ರೆ ತಲುಪಿದ ಹಾಗೇ ಅಂದುಕೊಂಡೆ. ತಿರುವಿನ ಆಚೆ ನೋಡಿದರೆ ರಸ್ತೆಯ ತುಂಬ ಹುರುಳಿ. ದಿನಗಟ್ಟಲೆ ಬಿಸಿಲಿಗೆ ಕಾದಿದ್ದ ಜನ ಕಿತ್ತ ಹುರುಳಿಯನ್ನೆಲ್ಲ ಅಂದೇ ತಂದು ಟಾರಿನ ಮೇಲೆ ಹರಡಿದ್ದರು. ಬಸ್ಸು ಲಾರಿ ಹರಿದರೆ ಒಕ್ಕಣೆ ತಾನಾಗಿ ಆಗುತ್ತದೆ, ನಾವೂ ಹಾಗೇ ಮಾಡುವುದು. ಗಂಡ ಬ್ರೇಕಿನ ಮೇಲೆ ಕಾಲಿಟ್ಟರು. ಪೆಡಲಿನ ಕೆಳಗೆ ಚಿಪ್ಪೊಂದು ಉರುಳಿ ಸಿಕ್ಕಿಕೊಂಡಿತ್ತು. ಕಾರು ನಿಲ್ಲದೆ ಹುರುಳಿಯೊಳಕ್ಕೆ ನುಗ್ಗಿತು. ಬಳ್ಳಿ ಚಕ್ರಕ್ಕೆ, ಚಕ್ರದ ಒಳಗೆಲ್ಲ ಸುತ್ತಿಕೊಂಡು ಎಳೆದು ನಿಲ್ಲಿಸಿತು. ಇಂಜಿನ್ ಆರಿತು.

ಎಷ್ಟು ನಿಶ್ಶಬ್ದವಾಯಿತೆಂದರೆ ಹುರುಳಿಕಾಯಿ ಬಿಸಿಲಿಗೆ ಸಿಡಿಯುವುದು ಕೇಳುತ್ತಿತ್ತು. ಕವೆಗೋಲು ಹಿಡಿದಿದ್ದ ಹೆಂಗಸೊಬ್ಬಳು ಜಗಳಕ್ಕೆಂದೇ ಬಂದವಳು ಒಳಗೆ ಬಗ್ಗಿ ಮಗುವನ್ನು ನೋಡಿದಳು. ಕುಡುಗೋಲು ತಂದು ಕಾರಿನಡಿ ಮಲಗಿ ಬಳ್ಳಿ ಕೊಯ್ಯತೊಡಗಿದಳು. ಉಳಿದವರು ತಮ್ಮ ಹುರುಳಿಯನ್ನು ತಾವೇ ಪಕ್ಕಕ್ಕೆ ಬಾಚಿ ದಾರಿ ಬಿಡಿಸಿದರು. ನಾನು ಮಗುವಿನ ಅಂಗಾಲನ್ನು ಉಜ್ಜುತ್ತಾ ಕೂತಿದ್ದೆ. ದೇವರ ಹೆಸರು ಒಂದೂ ನೆನಪಿಗೆ ಬರಲಿಲ್ಲ. ಮಗಳು ಕಿಟಕಿಯ ಅಂಚಿಗೆ ತಲೆ ಆನಿಸಿ, "ಅಮ್ಮಾ, ಪಾಪು ಅಳ್ತೈತಾ?" ಎಂದು ಕೇಳಿದಳು. ಹೂಂ ಅಂದೆ. ಸುಳ್ಳು.

ಗಂಡ ಪೆಡಲಿನ ಕೆಳಗಿನ ಚಿಪ್ಪನ್ನು ಕಿತ್ತೆಸೆದರು, ಹೆಂಗಸರೇ ಸೇರಿ ತಳ್ಳಿದರು. ಕಾರು ಸ್ಟಾರ್ಟ್ ಆಯಿತು. ಆಮೇಲೆ ಗಂಡ ರಸ್ತೆಯ ಯಾವ ಉಬ್ಬಿಗೂ ನಿಧಾನ ಮಾಡಲಿಲ್ಲ. ಪೇಟೆ ಹತ್ತಿರವಾಗುತ್ತಿದ್ದಾಗ ಒಂದು ದೊಡ್ಡ ಕುಲುಕಿಗೆ ಮಗು ಮುಖ ಕಿವುಚಿ, ಬೆಕ್ಕಿನ ಮರಿಯ ಹಾಗೆ ಸಣ್ಣಗೆ ದನಿ ತೆಗೆಯಿತು. ಇನ್ನೊಂದು ಸಲ ಅಳಲಿ ಅಂತ ನಾನು ಅದರ ಕಾಲನ್ನು ಚಿವುಟಿದೆ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಡಾಕ್ಟರು ನನ್ನನ್ನು ಕೇಳಿದ್ದು ಒಂದೇ, "ಕೋಣೆ ಮುಚ್ಚಿ ಕೆಂಡ ಇಟ್ಟಿದ್ರಾ?" ಹೊಗೆ ಇರಲಿಲ್ಲ ಅಂದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ಹೊಗೆಯೂ ಇಲ್ಲ ವಾಸನೆಯೂ ಇಲ್ಲ, ದಾರಿಯಲ್ಲಿ ಗಾಳಿ ಸಿಕ್ಕಿದ್ದು ನಿಮ್ಮ ಪುಣ್ಯ ಅಂದರು. ಎರಡೂ ಜೀವ ಉಳಿದವು.

ಮನೆಗೆ ಬರುವ ಹೊತ್ತಿಗೆ ಅತ್ತೆಗೆ ಹೇಳಬೇಕಾದ ಮಾತುಗಳನ್ನೆಲ್ಲ ನಾನು ಜೋಡಿಸಿಟ್ಟುಕೊಂಡಿದ್ದೆ. ಅವರು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಹೆಂಗೈತೆ ಎಂದು ಕೇಳಲಿಲ್ಲ. ಮಗುವಿನ ಹತ್ತಿರ ಬರಲಿಲ್ಲ. ನಾವು ಹೋದಾಗಿನಿಂದ ಸರಿಯಾಗಿ ಉಂಡಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಉಣ್ಣದಿದ್ದರೆ ಬಿಡಲಿ ಅನ್ನಿಸಿತು ನನಗೆ. ನಿಜವಾಗಿ ಹಾಗೇ ಅನ್ನಿಸಿತು.

ಮಾರನೆಯ ದಿನ ಮಗುವಿಗೆ ಎರೆಯಲು ನಾನೇ ಕೂತೆ. ಎಳೆಗೂಸಿಗೆ ನೀರು ಹಾಕಿ ನನಗೆ ಗೊತ್ತಿಲ್ಲ. ಆ ಮನೆಯಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ, ನನ್ನ ಮಗಳಿಗೂ, ಕಾಲು ನೀಡಿ ಕೂತು ಎರೆದವರು ಅತ್ತೆಯೇ. ಮಗು ನನ್ನ ಕೈಯಲ್ಲಿ ಜಾರುತ್ತಿತ್ತು, ಕಿರುಚುತ್ತಿತ್ತು. ಅತ್ತೆ ಬಚ್ಚಲ ಬಾಗಿಲಲ್ಲಿ ಗೋಡೆ ಹಿಡಿದು ನಿಂತು ನೆಲ ನೋಡುತ್ತಿದ್ದರು. ಮಗಳು ಕೋಣೆಯಿಂದ ಎದ್ದು ಬಂದಳು.

"ಅಜ್ಜಿ, ಕಾಲು ನೀಡು ಬಾ" ಅಂದಳು.

"ಬ್ಯಾಡ ಕಣವ್ವ. ಈ ಕೈಲಿ ಬ್ಯಾಡ."

"ಅಮ್ಮಂಗೆ ಬರಲ್ಲ ಅಜ್ಜಿ. ನೀನೇ ಎರಿ."

ಅತ್ತೆ ಒಳಗೆ ಬಂದು ಕೂತರು. ಸೀರೆ ಮೇಲೆತ್ತಿ ಕಾಲು ನೀಡಿದರು. ಮಗಳು ಮಗುವನ್ನು ಅದರ ಮೇಲೆ ಮಲಗಿಸಿದಳು. ಆ ಕಾಲುಗಳು ಒಂದಕ್ಕೊಂದು ಕೂಡಿ ನಿಲ್ಲಲಿಲ್ಲ, ನಡುಗುತ್ತಿದ್ದವು. ಮಗು ಸಂದಿಗೆ ಜಾರಬಹುದಿತ್ತು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಎರಡೂ ಪಾದಗಳನ್ನು ಸೇರಿಸಿ ಒತ್ತಿ ಹಿಡಿದುಕೊಂಡೆ. ಮಗಳು ನೀರು ಹುಯ್ದಳು.